ಬೈಕ್ ಸೀಟಿಗೆ ಹೊಸ ರೆಕ್ಸಿನ್: ಅರ್ಧಕ್ಕಿಂತ ಹೆಚ್ಚು ಕೆಲಸ ಫೋಮಿನದ್ದೇ

ಮಳೆ ನಿಂತು ದಿನವೆರಡು ಕಳೆದರೂ ಬೈಕ್ ಮೇಲೆ ಕೂತ ಸ್ವಲ್ಪ ಹೊತ್ತಿಗೆಲ್ಲ ಪ್ಯಾಂಟಿನ ಹಿಂಭಾಗ ಒದ್ದೆಯಾಗುತ್ತಿದೆ ಎಂದರೆ ಸೀಟನ್ನು ಎಷ್ಟು ಒರೆಸಿದರೂ ಪ್ರಯೋಜನವಿಲ್ಲ. ನೀರು ಮೇಲಿಲ್ಲ, ಒಳಗಿದೆ. ನನ್ನ ಸೀಟಿನಲ್ಲಿ ಕಣ್ಣಿಗೆ ಹೊಡೆಯುವಂಥ ಹರಕೇನೂ ಇರಲಿಲ್ಲ. ಓಡಿಸುವವರ ಜಾಗ ಮುಗಿದು ಹಿಂದೆ ಕೂರುವವರ ಜಾಗ ಮೇಲೇರುವ ಕಡೆ ಅಡ್ಡಕ್ಕೊಂದು ಹೊಲಿಗೆ ಇರುತ್ತದಲ್ಲ, ಅದು ಎರಡು ಬೆರಳಗಲ ಬಿಟ್ಟುಕೊಂಡಿತ್ತು, ಅಷ್ಟೇ. ಆದರೆ ಆ ಜಾಗವೇ ಸೀಟಿನ ತಗ್ಗು. ಮೇಲೆ ಬಿದ್ದ ನೀರೆಲ್ಲ ಹರಿದು ಬಂದು ಅಲ್ಲೇ ನಿಲ್ಲುತ್ತದೆ, ಹೊಲಿಗೆಯ ತೂತುಗಳಿಂದ ಇಳಿಯುತ್ತದೆ. ಆಮೇಲೆ ನಾವು ಕೂತಾಗ ಫೋಮ್ ಅದುಮಿ, ಹೋದ ದಾರಿಯಲ್ಲೇ ವಾಪಸ್ ಬರುತ್ತದೆ.

ಮೇಲೊಂದು ಎಲಾಸ್ಟಿಕ್ ಕವರ್ ಎಳೆದರೆ ಮುಗಿಯಿತಲ್ಲ ಅನ್ನುವವರಿದ್ದಾರೆ. ಹರಕು ಮುಚ್ಚುತ್ತದೆ, ನಿಜ. ಆದರೆ ಎರಡು ಪದರಗಳ ನಡುವೆ ನೀರು ಸೇರಿಕೊಂಡು ಇನ್ನೂ ನಿಧಾನವಾಗಿ ಒಣಗುತ್ತದೆ, ಬ್ರೇಕ್ ಹಾಕಿದಾಗ ಕವರಿನ ಜೊತೆ ನಾವೂ ಟ್ಯಾಂಕಿನ ಕಡೆ ಜಾರುತ್ತೇವೆ. ಹಾಗಾಗಿ ಪೂರ್ತಿ ಬಿಚ್ಚಿ ಮಾಡುವುದೆಂದು ನಿರ್ಧಾರ. ಮೊದಲೇ ಒಂದು ಮಾತು: ಇದನ್ನು ರೆಕ್ಸಿನ್ ಬದಲಾಯಿಸುವ ಕೆಲಸ ಅಂದುಕೊಂಡು ಶುರು ಮಾಡಿದರೆ ಕೊನೆಗೆ ಸುಕ್ಕುಗಳ ಜೊತೆ ಗುದ್ದಾಡುತ್ತಾ ಕೂರಬೇಕಾಗುತ್ತದೆ. ಫೋಮ್ ಸರಿಯಾಗಿದ್ದರೆ ರೆಕ್ಸಿನ್ ತಾನಾಗಿ ಕೂರುತ್ತದೆ.

ಬಿಚ್ಚುವಾಗ

ಸೀಟನ್ನು ಇಳಿಸಿ, ಹಳೇ ಕಂಬಳಿ ಹಾಸಿ, ಬೋರಲು ಹಾಕಿದೆ. ಕಾಣುವುದು ಕಪ್ಪು ಪ್ಲಾಸ್ಟಿಕ್ಕಿನ ಬೇಸ್, ಅದರ ಅಂಚಿನ ಸುತ್ತ ರೆಕ್ಸಿನ್ ಮಡಚಿ ಹೊಡೆದ ಸ್ಟೇಪಲ್ ಪಿನ್ನುಗಳು. ಹಳೆಯ ಬೈಕುಗಳಲ್ಲಿ ಬೇಸ್ ತಗಡಿನದು. ಅಲ್ಲಿ ಪಿನ್ ಇರುವುದಿಲ್ಲ, ತಗಡಿನಲ್ಲೇ ಎಬ್ಬಿಸಿದ ಸಣ್ಣ ಹಲ್ಲುಗಳಿಗೆ ರೆಕ್ಸಿನ್ ಸಿಕ್ಕಿಸಿ ಬಡಿದಿರುತ್ತಾರೆ. ಆ ಹಲ್ಲುಗಳನ್ನು ಎಬ್ಬಿಸುವಾಗ ಅವಸರ ಬೇಡ, ಎರಡು ಮೂರು ಸಲ ಹಿಂದೆ ಮುಂದೆ ಬಗ್ಗಿಸಿದರೆ ಮುರಿದೇ ಹೋಗುತ್ತವೆ.

ಪಿನ್ ಮುಟ್ಟುವ ಮೊದಲು ಕೊಂಡಿ, ಲಾಕಿನ ಕಂಬಿ, ರಬ್ಬರ್ ಬುಷ್‌ಗಳ ಫೋಟೋ ತೆಗೆದಿಟ್ಟುಕೊಂಡು ಎಲ್ಲ ಬಿಚ್ಚಿದೆ. ರಬ್ಬರ್ ಬುಷ್ ನೋಡಲು ಕ್ಷುಲ್ಲಕ, ಆದರೆ ಕೂತವರ ಭಾರ ಬೇಸಿನಿಂದ ಫ್ರೇಮಿಗೆ ದಾಟುವುದು ಅವುಗಳ ಮೂಲಕವೇ. ಒಂದು ಎಲ್ಲೋ ಬಿದ್ದುಹೋಗಿದ್ದರೆ ಆ ಮೂಲೆಯಲ್ಲಿ ಬೇಸ್ ಪ್ರತಿ ಗುಂಡಿಗೂ ಬಾಗುತ್ತದೆ, ಕೊನೆಗೆ ಸೀಳುತ್ತದೆ. ನನ್ನ ಸೀಟಿನಲ್ಲಿ ಹಿಂದಿನ ಬಲ ಮೂಲೆಯ ಬುಷ್ ಇರಲಿಲ್ಲ, ಬಿರುಕೂ ಸರಿಯಾಗಿ ಅಲ್ಲೇ ಇತ್ತು.

ಪಿನ್ ತೆಗೆಯಲು ಸಣ್ಣ ಚಪ್ಪಟೆ ಸ್ಕ್ರೂಡ್ರೈವರಿನಿಂದ ಒಂದು ಕಾಲು ಎತ್ತಿ, ಇಕ್ಕಳದಲ್ಲಿ ಕಚ್ಚಿ ಪಕ್ಕಕ್ಕೆ ಉರುಳಿಸಿದರೆ ಇನ್ನೊಂದು ಕಾಲೂ ಬರುತ್ತದೆ. ತುಕ್ಕು ಹಿಡಿದವು ಅರ್ಧಕ್ಕೆ ಮುರಿದು ಹಾರುತ್ತವೆ, ಕಣ್ಣಿಗೆ ಕನ್ನಡಕ ಇರಲೇಬೇಕು. ಒಳಗೆ ಉಳಿದ ತುಂಡನ್ನು ಎಳೆಯಲು ಆಗದಿದ್ದರೆ ಸುತ್ತಿಗೆಯಿಂದ ಬಡಿದು ಸಮ ಮಾಡಿಬಿಡಿ. ಹಾಗೇ ಚಾಚಿಕೊಂಡಿದ್ದರೆ ಹೊಸ ರೆಕ್ಸಿನ್ನನ್ನು ಒಳಗಿನಿಂದ ಕೊರೆಯುತ್ತದೆ. ನೆಲಕ್ಕೆ ಬಿದ್ದದ್ದನ್ನೆಲ್ಲ ಆಯಸ್ಕಾಂತ ಆಡಿಸಿ ಆರಿಸಿಕೊಂಡೆ. ಹಳೆಯ ಕಬ್ಬಿಣದ ಪಿನ್ನಿಗೆ ಈ ಉಪಾಯ ಸಾಕು, ಹೊಸದಾಗಿ ಹಾಕುವ ಸ್ಟೇನ್‌ಲೆಸ್ ಪಿನ್ನುಗಳು ಆಯಸ್ಕಾಂತಕ್ಕೆ ಅಷ್ಟಾಗಿ ಅಂಟುವುದಿಲ್ಲ.

ಹಳೇ ರೆಕ್ಸಿನ್ ಎಷ್ಟೇ ಹಾಳಾಗಿರಲಿ, ಹರಿದೆಸೆಯಬಾರದು. ಮುಂದೆ ಅಳತೆಗೆ ಅದೇ ಬೇಕು. ಬೇಸಿನಿಂದ ಬಿಡಿಸುವ ಮೊದಲೇ ಮುಂತುದಿಯಲ್ಲೂ ಹಿಂತುದಿಯಲ್ಲೂ ನಡುಮಧ್ಯ ಎಲ್ಲಿ ಬರುತ್ತದೆಂದು ರೆಕ್ಸಿನ್ ಮೇಲೂ ಬೇಸಿನ ಮೇಲೂ ಗುರುತು ಹಾಕಿದೆ. ಈ ಎರಡು ಗೆರೆಗಳು ಕೊನೆಯ ದಿನ ಬಹಳ ಕೆಲಸಕ್ಕೆ ಬಂದವು.

ಒದ್ದೆ ಫೋಮ್

ರೆಕ್ಸಿನ್ ಎತ್ತಿದಾಗ ಬಂದ ಮುಗ್ಗಲು ವಾಸನೆಯೇ ಎಲ್ಲ ಹೇಳಿತು. ಫೋಮಿನ ಅಂಚಿನುದ್ದಕ್ಕೂ ತುಕ್ಕಿನ ಕಲೆ, ತಗ್ಗಿನ ಜಾಗದಲ್ಲಿ ಕಪ್ಪು ಬೂಷ್ಟು. ಎರಡೂ ಕೈಯಲ್ಲಿ ಎತ್ತಿದರೆ ಒಂದು ಬದಿ ಎದ್ದು ಕಾಣುವಷ್ಟು ಭಾರ.

ಸೀಟಿನ ಫೋಮ್ ಪಾಲಿಯುರೆಥೇನ್. 1937ರಲ್ಲಿ ಜರ್ಮನಿಯಲ್ಲಿ ಆಟೋ ಬೇಯರ್ ಮತ್ತು ಸಂಗಡಿಗರು ಕಂಡುಹಿಡಿದ ರಸಾಯನ. ಅದಕ್ಕೂ ಹಿಂದಿನ ಮೋಟಾರ್‌ಸೈಕಲ್‌ಗಳಲ್ಲಿ ಸ್ಪ್ರಿಂಗ್ ಮೇಲೆ ಬಿಗಿದ ಚರ್ಮದ ಸೀಟು ಸಾಮಾನ್ಯವಾಗಿತ್ತು, ನೆನೆದರೂ ಗಾಳಿಗೆ ಒಣಗುತ್ತಿತ್ತು. ಮೆತ್ತನೆಯ ಫೋಮಿನ ಒಳಗಿನ ಗುಳ್ಳೆಗಳು ಒಂದಕ್ಕೊಂದು ಬಾಯ್ದೆರೆದುಕೊಂಡಿರುತ್ತವೆ. ಅದುಮಿದಾಗ ಗಾಳಿ ಹೊರಗೆ ಹೋಗಿ ಬಿಟ್ಟಾಗ ಒಳಗೆ ಬರುವುದರಿಂದಲೇ ಅದು ಮೆತ್ತಗಿರುವುದು. ನೀರಿಗೂ ಅದೇ ಬಾಗಿಲು.

ಒದ್ದೆ ಫೋಮನ್ನು ಬಟ್ಟೆ ಹಿಂಡಿದ ಹಾಗೆ ತಿರುಚಬಾರದು, ಒಳಗೇ ಹರಿಯುತ್ತದೆ. ಸೋಪಿನ ನೀರಿನಲ್ಲಿ ತೊಳೆದು, ಒಣ ಟವೆಲುಗಳ ನಡುವೆ ಇಟ್ಟು ಅಂಗೈಯಲ್ಲಿ ಅದುಮಿ, ನೆರಳಿನಲ್ಲಿ ಪಕ್ಕಕ್ಕೆ ನಿಲ್ಲಿಸಿ ಫ್ಯಾನ್ ಹಾಕಿದೆ. ಬಿಸಿಲಿಗೆ ಇಟ್ಟರೆ ಬೇಗ ಒಣಗುತ್ತದೆ ಅನಿಸುತ್ತದೆ, ಆದರೆ ಬಿಸಿಲಿನ ನೇರಳಾತೀತ ಕಿರಣಕ್ಕೆ ಪಾಲಿಯುರೆಥೇನ್ ಹಳದಿಯಾಗಿ ಮೇಲ್ಪದರ ಪುಡಿ ಉದುರಲು ಶುರುವಾಗುತ್ತದೆ. ಪೂರ್ತಿ ಒಣಗಿದೆಯೇ ಎಂದು ಮುಟ್ಟಿ ಹೇಳಲಾಗದು, ಮೇಲೆ ಒಣಗಿದ್ದರೂ ನಡುವೆ ತೇವ ಉಳಿದಿರುತ್ತದೆ. ತಕ್ಕಡಿಯೇ ಗತಿ. ಬೆಳಗ್ಗೆ ಸಂಜೆ ತೂಗಿ ಬರೆದಿಡುವುದು, ತೂಕ ಇಳಿಯುವುದು ನಿಂತಾಗ ಒಣಗಿದೆ ಎಂದು ಲೆಕ್ಕ.

ಒಣಗಿದ ಮೇಲೆ ಬೇಸಿಗೆ ಕೂರಿಸಿ, ಉದ್ದನೆಯ ನೇರ ಪಟ್ಟಿಯೊಂದನ್ನು ಫೋಮಿನ ಮೇಲೆ ಅಡ್ಡಕ್ಕೂ ಉದ್ದಕ್ಕೂ ಇಟ್ಟು ನೋಡಿದೆ. ಓಡಿಸುವವರು ಕೂರುವ ಕಡೆ ಪಟ್ಟಿಯ ಕೆಳಗೆ ಬೆರಳು ಸಲೀಸಾಗಿ ತೂರುತ್ತಿತ್ತು. ಅಲ್ಲಿ ಫೋಮ್ ಕುಸಿದಿದೆ, ಸುತ್ತಲಿನ ಅಂಚು ಹಾಗೇ ಇದೆ. ದೂರ ಪ್ರಯಾಣದಲ್ಲಿ ತೊಡೆಯ ಒಳಬದಿ ನೋಯುತ್ತಿದ್ದುದಕ್ಕೆ ಕಾರಣ ಸಿಕ್ಕಿತು: ನಡುವೆ ಕುಸಿದಾಗ ಭಾರವೆಲ್ಲ ಅಂಚುಗಳ ಮೇಲೆ ಬೀಳುತ್ತದೆ.

ಪೂರ್ತಿ ಹೊಸ ಫೋಮ್ ಹಾಕಿಬಿಡೋಣ ಎಂದು ಯಾರಿಗಾದರೂ ಅನಿಸುತ್ತದೆ. ನಾನು ಬೇಡವೆಂದೆ. ಕಂಪನಿಯ ಫೋಮ್ ಅಚ್ಚಿನಲ್ಲಿ ಹೊಯ್ದದ್ದು, ಅದರ ಅಡಿಭಾಗ ಬೇಸಿನ ಏಣು ಗುಣಿಗಳಿಗೆಲ್ಲ ಸರಿಯಾಗಿ ಕೂರುತ್ತದೆ, ಪಕ್ಕಗಳ ತಿರುವೂ ಅದರಲ್ಲಿದೆ. ಹಾಳೆ ಫೋಮಿನಿಂದ ಅದನ್ನು ಕೈಯಲ್ಲಿ ಕೆತ್ತಿ ತರುವುದು ಆಗದ ಕೆಲಸವಲ್ಲ, ಆದರೆ ಪುಡಿ ಉದುರುವಷ್ಟು ಹಾಳಾಗಿಲ್ಲದಿದ್ದರೆ ಯಾಕೆ? ಕುಸಿದ ಜಾಗವನ್ನಷ್ಟೇ ಕತ್ತರಿಸಿ ತೆಗೆದು ಅಲ್ಲಿಗೆ ಹೊಸದು ತುಂಬಿದರೆ ಸಾಕು.

ಹೊಸ ಫೋಮ್ ಆರಿಸುವಾಗ ಸಾಂದ್ರತೆ ಬೇರೆ, ಗಡಸುತನ ಬೇರೆ ಎಂಬುದು ನೆನಪಿರಲಿ. ಒಂದು ಘನ ಮೀಟರಿಗೆ ಇಷ್ಟು ಕಿಲೋ ಎಂದು ಹೇಳುವುದು ಸಾಂದ್ರತೆ, ಫೋಮ್ ಎಷ್ಟು ಕಾಲ ಕುಸಿಯದೆ ಬಾಳುತ್ತದೆ ಎಂಬುದಕ್ಕೆ ಅದು ಸುಳಿವು. ಎಷ್ಟು ಒತ್ತಿದರೆ ಎಷ್ಟು ತಗ್ಗುತ್ತದೆ ಎಂಬುದು ಗಡಸುತನ. ಒಂದೇ ಸಾಂದ್ರತೆಯಲ್ಲಿ ಮೆತ್ತನೆಯದೂ ಸಿಗುತ್ತದೆ, ಬಿರುಸಾದದ್ದೂ ಸಿಗುತ್ತದೆ. ಹೆಬ್ಬೆರಳಿನಿಂದ ಒತ್ತಿ ನೋಡಿದರೆ ಏನೂ ತಿಳಿಯದು, ಮೇಲೆ ಕೂತೇ ನೋಡಬೇಕು. ಚೂರು ಫೋಮುಗಳನ್ನು ಒತ್ತಿ ಅಂಟಿಸಿ ಮಾಡಿದ ಚಿಪ್ ಫೋಮ್ ಭಾರ, ಬಿರುಸು. ಅಡಿಯ ಪದರಕ್ಕೆ ಚೆನ್ನ. ಚಪ್ಪಲಿಗೆ ಬಳಸುವಂಥ ಇವಿಎ ಹಾಳೆ ನೀರು ಕುಡಿಯುವುದಿಲ್ಲ, ಆದರೆ ಅದೊಂದನ್ನೇ ಹಾಕಿದರೆ ಸೊಂಟಕ್ಕೆ ಬುದ್ಧಿ ಬರುತ್ತದೆ. ಮೆಮೊರಿ ಫೋಮ್ ಚಳಿಯಲ್ಲಿ ಗಟ್ಟಿಯಾಗುತ್ತದೆ. ಜೆಲ್ ಪ್ಯಾಡ್ ಬಗ್ಗೆ ಬಹಳ ಜನ ಹೊಗಳುತ್ತಾರೆ, ನನಗೆ ಒಗ್ಗಿಲ್ಲ. ಬಿಸಿಲಲ್ಲಿ ನಿಂತ ಬೈಕಿನ ಜೆಲ್ ಸೀಟಿನ ಮೇಲೆ ಕೂತು ನೋಡಿದವರಿಗೆ ಕಾರಣ ಹೇಳಬೇಕಿಲ್ಲ.

ಕತ್ತರಿಸಿದ ಗುಂಡಿ ಎಷ್ಟು ಅಗಲ ಇರಬೇಕು? ಕೂತಾಗ ಭಾರ ಹೊರುವ ಎರಡು ಎಲುಬುಗಳ ನಡುವೆ ಸಾಮಾನ್ಯವಾಗಿ 10ರಿಂದ 13 ಸೆಂಟಿಮೀಟರ್ ಅಂತರ. ಗುಂಡಿಯ ಅಂಚು ಆ ಎಲುಬಿನ ಕೆಳಗೆ ಬಂದರೆ ಪ್ರತಿ ಕಿಲೋಮೀಟರಿಗೂ ಗೊತ್ತಾಗುತ್ತದೆ. ಅದಕ್ಕೇ ಸೀಟಿನ ಅಗಲ ಬಿಟ್ಟಷ್ಟೂ ದೊಡ್ಡದಾಗಿ, ಅಂಚುಗಳನ್ನು ಇಳಿಜಾರಾಗಿ ಕತ್ತರಿಸಿದೆ. ಬ್ರೆಡ್ ಕೊಯ್ಯುವ ಗರಗಸದ ಹಲ್ಲಿನ ಚಾಕು ಸಾಕು, ಒತ್ತದೆ ಉದ್ದಕ್ಕೆ ಎಳೆಯುತ್ತಾ ಹೋಗಬೇಕು. ಅಡಿಗೆ 20 ಮಿಲಿಮೀಟರ್ ಚಿಪ್ ಫೋಮ್, ಅದರ ಮೇಲೆ ಅಷ್ಟೇ ದಪ್ಪದ ಬಿರುಸಾದ ಸಾದಾ ಫೋಮ್, ಎಲ್ಲದರ ಮೇಲೆ ಸೀಟಿನುದ್ದಕ್ಕೂ ಹೊದೆಯುವಂತೆ 10 ಮಿಲಿಮೀಟರಿನ ಮೆತ್ತನೆ ಹಾಳೆ.

ಅಂಟು ನಿಯೋಪ್ರೀನ್ ಆಧಾರದ ಕಾಂಟ್ಯಾಕ್ಟ್ ಅಂಟು. ಎರಡೂ ಕಡೆ ತೆಳುವಾಗಿ ಸವರಿ, ಬೆರಳಿಗೆ ಹತ್ತದಷ್ಟು ಆರಿದ ಮೇಲೆ ಒತ್ತಬೇಕು. ಒಮ್ಮೆ ಅಂಟಿದರೆ ಸರಿಸಲು ಅವಕಾಶವಿಲ್ಲ. ಗಾಳಿಯಾಡುವ ಕಡೆ, ಬೆಂಕಿಯಿಂದ ದೂರ ಮಾಡುವ ಕೆಲಸ. ಕುಶನ್ ಕೆಲಸದವರನ್ನು ಗಮನಿಸಿದರೆ ಒಂದು ಸಂಗತಿ ಕಾಣುತ್ತದೆ: ಮೇಲ್ಮೈಗೆ ಬರುವ ಅಂಚಿನಲ್ಲಿ ಒಂದು ಬೆರಳಗಲ ಅವರು ಅಂಟನ್ನೇ ಹಚ್ಚುವುದಿಲ್ಲ. ಒಣಗಿದ ಅಂಟು ಗಟ್ಟಿ, ಫೋಮ್ ಮೆತ್ತಗೆ. ಉಜ್ಜುವಾಗ ಫೋಮ್ ಸವೆದು ಅಂಟಿನ ಗೆರೆ ಏಣಾಗಿ ಉಳಿಯುತ್ತದೆ, ರೆಕ್ಸಿನ್ ಹಾಕಿದ ಮೇಲೂ ಅದು ಕಾಣುತ್ತದೆ.

ಉಜ್ಜಲು 40ರ ಒರಟು ಉಪ್ಪುಕಾಗದವನ್ನು ಮರದ ತುಂಡಿಗೆ ಸುತ್ತಿಕೊಂಡೆ, ಕೊನೆಗೆ 60ರದ್ದು. ಮೂಗಿಗೆ ಮಾಸ್ಕ್ ಇಲ್ಲದೆ ಈ ಕೆಲಸ ಬೇಡ. ಒಂದೇ ದಿಕ್ಕಿಗೆ, ಹಗುರವಾಗಿ. ಜೋರು ಮಾಡಿದರೆ ಫೋಮ್ ಚೂರು ಚೂರಾಗಿ ಕಿತ್ತು ಬರುತ್ತದೆ. ಏರುತಗ್ಗು ಹುಡುಕಲು ನಾನು ಕೋಣೆಯ ದೀಪ ಆರಿಸಿ, ಟಾರ್ಚನ್ನು ಫೋಮಿನ ಪಕ್ಕದಲ್ಲೇ ಮಲಗಿಸಿ ಬೆಳಕು ಹಾಯಿಸಿದೆ. ಹಗಲಿನಲ್ಲಿ ನುಣುಪಾಗಿ ಕಂಡ ಮೇಲ್ಮೈಯ ಮೇಲೆ ನೆರಳುಗಳ ಸಾಲೇ ಎದ್ದಿತು. ಎಡ ತೊಡೆಯ ಕಡೆ ಒಂದು ಉಬ್ಬು, ಸೇರುವ ಗೆರೆಯುದ್ದಕ್ಕೂ ಒಂದು ಕಾಲುವೆ. ಪೆನ್ನಿನಿಂದ ಸುತ್ತು ಹಾಕಿ, ಉಜ್ಜಿ, ಮತ್ತೆ ಟಾರ್ಚು. ಆಮೇಲೆ ತೆಳುವಾದ ಬಟ್ಟೆ ಹೊದಿಸಿ ಕಣ್ಣು ಮುಚ್ಚಿ ಅಂಗೈ ಆಡಿಸಿದರೆ ಕಣ್ಣಿಗೆ ಬೀಳದ್ದೂ ಕೈಗೆ ಸಿಗುತ್ತದೆ. ರೆಕ್ಸಿನ್ ಬಿಗಿದರೆ ಎಲ್ಲ ಮುಚ್ಚಿಹೋಗುತ್ತದೆ ಎಂಬ ನಂಬಿಕೆ ಅರ್ಧ ಸತ್ಯ. ಗೀರುಗಳು ಮುಚ್ಚುತ್ತವೆ. ತಗ್ಗುಗಳು ಮುಚ್ಚುವುದಿಲ್ಲ, ರೆಕ್ಸಿನ್ ಅವುಗಳ ಮೇಲೆ ಗಾಳಿಯಲ್ಲಿ ನಿಂತು ಸಡಿಲವಾಗುತ್ತದೆ.

ಇಲ್ಲೇ ಆ ಅಡ್ಡ ಹೊಲಿಗೆಯ ವಿಷಯವನ್ನೂ ತೀರ್ಮಾನಿಸಿದೆ. ಮೊದಲು ಹಿಂದಿನ ಸೀಟು ಏರುವ ಜಾಗ ಚೂಪಾದ ಮೂಲೆಯಾಗಿತ್ತು. ಅಂಥ ಒಳಮೂಲೆಗೆ ರೆಕ್ಸಿನ್ ಅಂಟಿಕೊಂಡು ಕೂರಬೇಕೆಂದರೆ ಅಲ್ಲೊಂದು ಹೊಲಿಗೆ ಇರಲೇಬೇಕು, ಇಲ್ಲದಿದ್ದರೆ ಅದು ಮೂಲೆಯನ್ನು ಬಿಟ್ಟು ಎದ್ದು ನಿಲ್ಲುತ್ತದೆ. ಆದರೆ ಹೊಲಿಗೆ ಇದ್ದರೆ ನೀರು. ಫೋಮಿನಲ್ಲಿ ಆ ಮೂಲೆಯನ್ನೇ ಉದ್ದನೆಯ ದುಂಡನೆ ತಿರುವಾಗಿ ಉಜ್ಜಿಬಿಟ್ಟರೆ ಹೊಲಿಗೆಯನ್ನು ನಾಲ್ಕು ಸೆಂಟಿಮೀಟರ್ ಮೇಲಕ್ಕೆ, ನೀರು ನಿಲ್ಲದ ಇಳಿಜಾರಿಗೆ ಒಯ್ಯಬಹುದು. ಹಾಗೇ ಮಾಡಿದೆ. ಜೊತೆಗೆ ಟ್ಯಾಂಕಿನ ಕಡೆಯ ಅಂಚನ್ನು ಒಂಚೂರು ಎತ್ತರಿಸಿದೆ, ಮುಂದಕ್ಕೆ ಜಾರುವುದು ನಿಲ್ಲಲಿ ಎಂದು.

ಎತ್ತರ ಕಡಿಮೆ ಮಾಡಬೇಕೆನ್ನುವವರು ಕೂರುವ ಕಡೆ ಎರಡೂವರೆ ಸೆಂಟಿಮೀಟರಿಗಿಂತ ತೆಳುವಾಗಿಸಬೇಡಿ, ಬೇಸ್ ತಾಗುತ್ತದೆ. ಪರೀಕ್ಷೆಗೆ ಫೋಮನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಬೈಕಿಗೇ ಕೂರಿಸಿ, ನಿಂತಲ್ಲೇ ಅರ್ಧ ಗಂಟೆ ಕೂತಿರಬೇಕು. ಐದು ನಿಮಿಷಕ್ಕೆ ಎಲ್ಲ ಫೋಮೂ ಹಿತವಾಗಿಯೇ ಇರುತ್ತದೆ.

ಬೇಸಿನ ಬಿರುಕು

ಬೇಸಿನ ಒಳಬದಿಯಲ್ಲಿ ಸಣ್ಣಕ್ಷರದಲ್ಲಿ ಪಿಪಿ ಎಂದು ಅಚ್ಚೊತ್ತಿತ್ತು. ಪಾಲಿಪ್ರೊಪಿಲೀನ್. ಇದಕ್ಕೆ ಸಾದಾ ಎಪಾಕ್ಸಿಯಾಗಲಿ ಸೂಪರ್ ಗ್ಲೂ ಆಗಲಿ ಹಿಡಿಯುವುದಿಲ್ಲ, ಒಣಗಿದ ಮೇಲೆ ಹಾಳೆಯಾಗಿ ಎದ್ದು ಬರುತ್ತದೆ. ಬಿರುಕಿನ ತುದಿಯಲ್ಲಿ ಸಣ್ಣ ತೂತು ಕೊರೆದು ಅದು ಮುಂದೆ ಹರಿಯದಂತೆ ನಿಲ್ಲಿಸಿ, ಸಾಲ್ಡರಿಂಗ್ ಕಬ್ಬಿಣದಿಂದ ಎರಡೂ ಅಂಚನ್ನು ಕರಗಿಸಿ ಬೆಸೆದೆ. ಕೆಳಬದಿಯಲ್ಲಿ ಸ್ಟೇನ್‌ಲೆಸ್ ಜಾಲರಿಯ ತುಂಡೊಂದನ್ನು ಬಿಸಿ ಮಾಡಿ ಪ್ಲಾಸ್ಟಿಕ್ಕಿನೊಳಗೆ ಮುಳುಗಿಸಿದೆ. ಕಾಣೆಯಾಗಿದ್ದ ರಬ್ಬರ್ ಬುಷ್ ಹೊಸದು ಬಂತು. ನೀರು ಹೊರಹೋಗಲು ಬೇಸಿನಲ್ಲಿ ಬಿಟ್ಟ ತೂತುಗಳಲ್ಲಿ ಮಣ್ಣು ಗಟ್ಟಿಯಾಗಿ ಕೂತಿತ್ತು, ಮೊಳೆಯಿಂದ ಕೆದಕಿ ಬಿಡಿಸಿದೆ. ತಗಡಿನ ಬೇಸಾದರೆ ತಂತಿ ಬ್ರಷ್ಷಿನಿಂದ ತುಕ್ಕು ಕೆರೆದು ಪ್ರೈಮರ್, ಪೇಂಟ್ ಹೊಡೆದು ಪೂರ್ತಿ ಒಣಗಿಸಿಯೇ ಮುಂದೆ ಹೋಗಬೇಕು.

ಅಳತೆ, ಕತ್ತರಿ, ಹೊಲಿಗೆ

ಹಳೇ ಹೊದಿಕೆಯ ಹೊಲಿಗೆ ಬಿಚ್ಚುವ ಮೊದಲು ಪ್ರತಿ ಹೊಲಿಗೆಗೂ ಅಡ್ಡಲಾಗಿ, ಗೇಣಿಗೊಂದರಂತೆ, ಎರಡೂ ತುಂಡುಗಳ ಮೇಲೆ ಬರುವಂತೆ ಗೀಟು ಹಾಕಿದೆ. ಪ್ರತಿ ತುಂಡಿಗೂ ಹೆಸರು, ಮುಂದಕ್ಕೆ ತೋರಿಸುವ ಬಾಣ. ಬಿಚ್ಚಿದ ತುಂಡುಗಳು ಚಪ್ಪಟೆಯಾಗಿ ಮಲಗುವುದಿಲ್ಲ, ವರ್ಷಗಟ್ಟಲೆ ಕೂತು ಉಬ್ಬಿಕೊಂಡಿರುತ್ತವೆ. ಹೇರ್ ಡ್ರೈಯರ್ ಹಿಡಿದು ಬಿಸಿ ಮಾಡಿ ಮೇಲೆ ಭಾರದ ಪುಸ್ತಕ ಹೇರಿದರೆ ದಾರಿಗೆ ಬರುತ್ತವೆ. ಪಕ್ಕದ ತುಂಡುಗಳಲ್ಲಿ ಕಡಿಮೆ ಹಾಳಾದ ಒಂದನ್ನೇ ಕಾಗದಕ್ಕೆ ಇಳಿಸಿ, ಅದೇ ಕಾಗದವನ್ನು ಮಗುಚಿ ಇನ್ನೊಂದು ಬದಿ ಮಾಡಿಕೊಂಡೆ. ಮಗುಚಲು ಮರೆತರೆ ಎರಡೂ ಎಡಗಡೆಯವೇ ಆಗುತ್ತವೆ.

ಆದರೆ ನಡುವಿನ ತುಂಡಿಗೆ ಹಳೇ ಅಳತೆ ಕೆಲಸಕ್ಕೆ ಬಾರದು, ಫೋಮಿನ ಆಕಾರವೇ ಬದಲಾಗಿದೆ. ಅದಕ್ಕೆ ಫೋಮಿನ ಮೇಲೆ ಅಡುಗೆಮನೆಯ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ, ಅದರ ಮೇಲೆ ಮಾಸ್ಕಿಂಗ್ ಟೇಪನ್ನು ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಅಂಟಿಸಿ, ಹೊಲಿಗೆ ಎಲ್ಲಿ ಬರಬೇಕೋ ಅಲ್ಲಿ ಪೆನ್ನಿನಿಂದ ಗೆರೆ ಎಳೆದು, ಗೆರೆಯ ಮೇಲೇ ಕತ್ತರಿಸಿ ಬಿಡಿಸಿದೆ. ಹೊಲಿಗೆಗೆ 12 ಮಿಲಿಮೀಟರ್, ಬೇಸಿನ ಕೆಳಗೆ ಮಡಚಲು ಐದು ಸೆಂಟಿಮೀಟರ್ ಹೆಚ್ಚಿಗೆ. ಮೊದಲು ಹಳೇ ಬೆಡ್‌ಶೀಟಿನಲ್ಲಿ ಕತ್ತರಿಸಿ ಉದ್ದುದ್ದ ಹೊಲಿಗೆ ಹಾಕಿ ಫೋಮಿಗೆ ತೊಡಿಸಿ ನೋಡಿದ್ದು ಒಳ್ಳೆಯದಾಯಿತು. ಬೆಡ್‌ಶೀಟು ಹಿಗ್ಗುವುದಿಲ್ಲ, ಆದ್ದರಿಂದ ಎಲ್ಲಿ ಬಿಗಿ ಎಲ್ಲಿ ಸಡಿಲ ಎಂಬುದನ್ನು ಮುಚ್ಚಿಡುವುದೂ ಇಲ್ಲ.

ರೆಕ್ಸಿನ್ ಕೊಳ್ಳುವಾಗ ಹಿಂಬದಿ ನೋಡಿ. ಬನಿಯನ್ನಿನಂತೆ ಹೆಣೆದ ಬಟ್ಟೆಯ ಬೆನ್ನು ಇರುವುದು ಹಿಗ್ಗುತ್ತದೆ, ಸೀಟಿನ ತಿರುವುಗಳಿಗೆ ಅದೇ ಬೇಕು. ನೇಯ್ದ ಬಟ್ಟೆಯದು ಬ್ಯಾಗಿಗೆ ಸರಿ. ಸುಮಾರು ಒಂದು ಮಿಲಿಮೀಟರ್ ದಪ್ಪ, ಬಿಸಿಲು ತಡೆಯುವಂಥದ್ದಾದರೆ ಉತ್ತಮ. ಯಾವ ಕಡೆ ಹೆಚ್ಚು ಹಿಗ್ಗುತ್ತದೆಂದು ಎಳೆದು ನೋಡಿ, ಆ ದಿಕ್ಕು ಸೀಟಿನ ಅಡ್ಡಕ್ಕೆ ಬರುವಂತೆ ಎಲ್ಲ ತುಂಡುಗಳನ್ನೂ ಜೋಡಿಸಿಕೊಂಡೆ.

ಮನೆಯ ಹೊಲಿಗೆ ಮಷಿನ್ ಈ ಕೆಲಸಕ್ಕೆ ಬರುವುದೇ? ಎರಡು ಪದರಕ್ಕೆ ಬರುತ್ತದೆ. ಸೂಜಿ 16 ಅಥವಾ 18ರದ್ದು, ದಾರ ದಪ್ಪ ಪಾಲಿಯೆಸ್ಟರ್. ಹತ್ತಿ ದಾರ ತೇವಕ್ಕೆ ಕೊಳೆಯುತ್ತದೆ, ನೈಲಾನ್ ಗಟ್ಟಿಯಾದರೂ ಬಿಸಿಲಿಗೆ ಸೋಲುತ್ತದೆ. ಹೊಲಿಗೆಯ ಉದ್ದ ನಾಲ್ಕು ಮಿಲಿಮೀಟರ್ ಆಸುಪಾಸು ಇರಲಿ. ಒತ್ತೊತ್ತಾಗಿ ಹೊಲಿದರೆ ಗಟ್ಟಿ ಎಂದು ತೋರುತ್ತದೆ, ಆಗುವುದು ಉಲ್ಟಾ: ಅಂಚೆಚೀಟಿಯ ಹಾಳೆಯಲ್ಲಿ ಇರುವಂತೆ ತೂತುಗಳ ಸಾಲಾಗಿ, ಎಳೆದಾಗ ಅದೇ ಗೆರೆಯಲ್ಲಿ ಹರಿಯುತ್ತದೆ. ಗುಂಡುಸೂಜಿ ಚುಚ್ಚಿದ ತೂತು ರೆಕ್ಸಿನ್‌ನಲ್ಲಿ ಮುಚ್ಚಿಕೊಳ್ಳುವುದಿಲ್ಲ, ಹಾಗಾಗಿ ತುಂಡುಗಳನ್ನು ಹಿಡಿದಿಡಲು ಬಟ್ಟೆ ಒಣಗಿಸುವ ಕ್ಲಿಪ್ಪುಗಳೇ. ಮಷಿನ್ನಿನ ಪಾದ ರೆಕ್ಸಿನ್ನಿಗೆ ಕಚ್ಚಿಕೊಂಡು ಮುಂದೆ ಹೋಗಲು ಬಿಡುತ್ತಿರಲಿಲ್ಲ, ಪಾದದ ಅಡಿಗೆ ಮಾಸ್ಕಿಂಗ್ ಟೇಪ್ ಅಂಟಿಸಿದ ಮೇಲೆ ಜಾರತೊಡಗಿತು. ಹೊಲಿಗೆಗಳು ಸೇರುವ ಕಡೆ ನಾಲ್ಕು ಪದರ ಬಂದಾಗ ಪೆಡಲ್ ಬಿಟ್ಟು ಚಕ್ರವನ್ನು ಕೈಯಲ್ಲಿ ತಿರುಗಿಸಿ ಒಂದೊಂದೇ ಹೊಲಿಗೆ ದಾಟಿಸಿದೆ. ಬಟ್ಟೆಯನ್ನು ಹಿಂದಿನಿಂದ ಎಳೆಯಬಾರದು, ಸೂಜಿ ಬಾಗಿ ಪ್ಲೇಟಿಗೆ ಬಡಿದು ಮುರಿಯುತ್ತದೆ.

ಹೊರಬದಿಯಲ್ಲಿ ಅಲಂಕಾರದ ಜೋಡಿ ಹೊಲಿಗೆ ಹಾಕಲಿಲ್ಲ. ಚೆನ್ನಾಗಿ ಕಾಣುತ್ತದೆ, ಹೊಲಿಗೆಯ ಅಂಚನ್ನು ಚಪ್ಪಟೆಯಾಗಿಯೂ ಇಡುತ್ತದೆ, ಆದರೆ ಒಂದು ಸಾಲು ತೂತಿರುವಲ್ಲಿ ಮೂರು ಸಾಲು. ಅದರ ಬದಲು ಒಳಗಿನ ಅಂಚುಗಳನ್ನು ಎರಡೂ ಕಡೆ ಬಿಡಿಸಿ ಅಂಟಿನಿಂದ ಕೂರಿಸಿ, ಅದರ ಮೇಲೆ ನೀರು ತಡೆಯುವ ಟೇಪ್ ಅಂಟಿಸಿದೆ.

ಎಳೆದು ಪಿನ್ ಹೊಡೆಯುವುದು

ಫೋಮಿಗೂ ರೆಕ್ಸಿನ್ನಿಗೂ ನಡುವೆ ತೆಳುವಾದ ಪಾಲಿಥೀನ್ ಹಾಳೆ ಇರಲೋ ಬೇಡವೋ ಎಂಬುದು ಹಳೇ ತಕರಾರು. ಹೇಗೋ ನೀರು ಒಳಗೆ ಹೋದರೆ ಒಣಗಲು ಬಿಡುವುದಿಲ್ಲ ಎಂಬ ಆಕ್ಷೇಪ ಸರಿಯೇ. ನಾನು ಹಾಕಿದೆ, ಮೇಲೆ ಮತ್ತು ಪಕ್ಕಗಳಿಗೆ ಮಾತ್ರ. ಅಡಿಭಾಗ ಬಿಟ್ಟಿದ್ದೇನೆ, ಬೇಸಿನ ತೂತುಗಳಿಂದ ಗಾಳಿಯಾಡಲಿ ಎಂದು. ಇನ್ನೊಂದು ಲಾಭ ಕೆಲಸ ಮಾಡುವಾಗ ತಿಳಿಯುತ್ತದೆ: ರೆಕ್ಸಿನ್ ಫೋಮಿಗೆ ಕಚ್ಚಿಕೊಳ್ಳದೆ ಜಾರುವುದರಿಂದ ಎಳೆತ ಎಲ್ಲ ಕಡೆ ಸಮನಾಗಿ ಹಂಚಿಹೋಗುತ್ತದೆ. ದಪ್ಪ ಹಾಳೆ ಬೇಡ, ಕೂತಾಗ ಚರಚರ ಎನ್ನುತ್ತದೆ.

ಪಿನ್ ಸ್ಟೇನ್‌ಲೆಸ್, ಕಾಲಿನ ಉದ್ದ 6 ಮಿಲಿಮೀಟರ್. ಬೇಸಿನ ಅಂಚಿನ ದಪ್ಪ ಅಳೆದೇ ಕೊಳ್ಳಬೇಕು, ಉದ್ದವಾದರೆ ಆಚೆ ಬದಿಗೆ ಚುಚ್ಚಿ ಬರುತ್ತದೆ. ಕೈಯಲ್ಲಿ ಒತ್ತುವ ಸ್ಟೇಪ್ಲರಿಗೆ ಗಟ್ಟಿ ಪ್ಲಾಸ್ಟಿಕ್ ಸುಲಭಕ್ಕೆ ಬಗ್ಗುವುದಿಲ್ಲ. ಗಾಳಿಯ ಒತ್ತಡದಿಂದ ಪಿನ್ ಹೊಡೆಯುವ ಸ್ಟೇಪ್ಲರ್, ಅದಕ್ಕೊಂದು ಕಂಪ್ರೆಸರ್ ಇರುವ ಗೆಳೆಯರಿದ್ದರೆ ಈ ಒಂದು ದಿನಕ್ಕಾದರೂ ಅವರ ಸ್ನೇಹ ಕಾಪಾಡಿಕೊಳ್ಳಿ. ಹಳೇ ತೂತಿಗೇ ಮತ್ತೆ ಹೊಡೆದರೆ ಹಿಡಿತ ಸಿಗದು, ಪಕ್ಕಕ್ಕೆ ಸರಿಸಿ.

ರೆಕ್ಸಿನ್ನನ್ನು ಬಿಸಿಲಿನಲ್ಲಿ ಹರಡಿ ಬೆಚ್ಚಗಾದ ಮೇಲೆ ತೊಡಿಸಿದೆ. ಮೊದಲು ಮುಂತುದಿಯ ಗುರುತಿಗೆ ಗುರುತು ಸೇರಿಸಿ ನಾಲ್ಕೈದು ಪಿನ್. ಆಮೇಲೆ ಹಿಂದಕ್ಕೆ ಎಳೆದು ಹಿಂತುದಿಯ ಗುರುತಿಗೆ. ನಂತರ ಎಡಪಕ್ಕದ ನಡುವೆ ಒಂದು, ಬಲಪಕ್ಕದ ನಡುವೆ ಒಂದು, ಹೀಗೆ ಎದುರುಬದುರಾಗಿ ನಡುವಿನಿಂದ ಮೂಲೆಗಳ ಕಡೆ. ಒಂದು ಪಕ್ಕವನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋದರೆ ಹೊಲಿಗೆಯೆಲ್ಲ ಆ ಕಡೆಗೆ ಸೊಟ್ಟಗಾಗುತ್ತದೆ. ಈ ಸುತ್ತಿನ ಪಿನ್ನುಗಳು ತಾತ್ಕಾಲಿಕ, ದೂರ ದೂರ, ಅರ್ಧದಷ್ಟು ಮತ್ತೆ ಕೀಳುವವೇ.

ಸುಕ್ಕು ಓದಲು ಬರಬೇಕು. ಪಿನ್ನಿನಿಂದ ಹೊರಟು ಸೀಟಿನ ಮೇಲಕ್ಕೆ ಹತ್ತುವ ಗೆರೆ ಕಂಡರೆ ಅಲ್ಲಿ ಎಳೆತ ಅತಿಯಾಗಿದೆ, ಬಿಚ್ಚಿ ಸಡಿಲಿಸಿ. ಅಂಚಿಗೆ ಸಮಾನಾಂತರವಾಗಿ ಮಲಗಿದ ಸುಕ್ಕು ಕಂಡರೆ ಅಲ್ಲಿ ಎಳೆತ ಸಾಲದು. ಎರಡನ್ನೂ ಇನ್ನಷ್ಟು ಎಳೆದೇ ಸರಿಪಡಿಸಲು ಹೋಗುವುದರಿಂದ ಬಹಳಷ್ಟು ಸೀಟುಗಳು ಕೆಡುತ್ತವೆ. ಹಿಂಭಾಗದ ದುಂಡು ಮೂಲೆಗಳಲ್ಲಿ ರೆಕ್ಸಿನ್ ಹೆಚ್ಚಾಗುತ್ತದೆ. ಅದನ್ನು ಒಂದೇ ದೊಡ್ಡ ಮಡಿಕೆಯಾಗಿಸದೆ, ಸಣ್ಣ ಸಣ್ಣ ನೆರಿಗೆಗಳಾಗಿ ಹಂಚಿ ಬೇಸಿನ ಕೆಳಗೇ ಮುಗಿಯುವಂತೆ ಮಾಡಬೇಕು. ಟ್ಯಾಂಕಿಗೆ ತಾಗುವ ಒಳಬಾಗಿನಲ್ಲಿ ಉಲ್ಟಾ, ರೆಕ್ಸಿನ್ ಸಾಲದೆ ಬರುತ್ತದೆ. ಅಲ್ಲಿ ಮಡಚುವ ಅಂಚಿಗೆ ಅಲ್ಲಲ್ಲಿ ಕತ್ತರಿ ಹಾಕಿ, ಬೇಸಿನ ಅಂಚಿಗಿಂತ ಒಂದು ಸೆಂಟಿಮೀಟರ್ ಮೊದಲೇ ನಿಲ್ಲಿಸಬೇಕು.

ಹೇರ್ ಡ್ರೈಯರ್ ಬಿಸಿ ಸಾಕಾಗುತ್ತದೆ. ಹೀಟ್ ಗನ್ ಬಳಸುವುದಾದರೆ ದೂರದಿಂದ, ಒಂದೇ ಕಡೆ ನಿಲ್ಲಿಸದೆ. ರೆಕ್ಸಿನ್ನಿನ ಮೇಲಿನ ಸಣ್ಣ ಗೆರೆಗಳು ಮಾಯವಾಗಿ ಹೊಳಪು ಬಂತೆಂದರೆ ಅದು ಕರಗಿದೆ, ಅದಕ್ಕೆ ಔಷಧಿಯಿಲ್ಲ.

ಎಲ್ಲ ಸರಿ ಕಂಡ ಮೇಲೆ ಒಂದೂವರೆ ಸೆಂಟಿಮೀಟರಿಗೊಂದರಂತೆ ಕೊನೆಯ ಪಿನ್, ಎದ್ದು ನಿಂತದ್ದಕ್ಕೆ ಸುತ್ತಿಗೆಯ ಒಂದು ತಟ್ಟು, ಹೆಚ್ಚಿನ ಅಂಚಿಗೆ ಕತ್ತರಿ. ಬೈಕಿಗೆ ಕೂರಿಸುವಾಗ ಬೇಸಿನ ಮುಂದಿನ ನಾಲಿಗೆ ತನ್ನ ತೂತಿಗೆ ಹೋಗಲಿಲ್ಲ. ಮಡಿಕೆಯ ದಪ್ಪ ಅಡ್ಡ ಬಂದಿತ್ತು, ಅಷ್ಟು ಕತ್ತರಿಸಿದ ಮೇಲೆ ಲಾಕ್ ಸದ್ದು ಮಾಡಿ ಕೂತಿತು. ಓಡಿಸುವ ಮೊದಲು ಸೀಟಿನ ಎರಡೂ ತುದಿ ಹಿಡಿದು ಜಗ್ಗಿ ನೋಡುವುದನ್ನು ಬಿಡಬೇಡಿ. ಹೊಸ ರೆಕ್ಸಿನ್ನಿಗೆ ಸಿಲಿಕೋನ್ ಪಾಲಿಶ್ ಬೇಡ, ಹೊಳೆಯುತ್ತದೆ, ಜಾರುತ್ತದೆ ಕೂಡ.

ನೀರಿನ ಪರೀಕ್ಷೆಗೆ, ಬೇಸಿನ ತೂತುಗಳಿಗೆ ಒಳಗಡೆಯಿಂದ ತಾಗುವಂತೆ ಮೊದಲೇ ಟಿಶ್ಯೂ ಕಾಗದ ಇಟ್ಟಿದ್ದೆ. ತಗ್ಗಿನಲ್ಲಿ ನೀರು ಸುರಿದು, ಮೇಲೆ ಕೂತು ಎದ್ದು, ಸ್ವಲ್ಪ ಹೊತ್ತು ಬಿಟ್ಟು ತೂತಿನಿಂದ ಇಕ್ಕಳದಲ್ಲಿ ಎಳೆದರೆ ಕಾಗದ ಒಣಗಿಯೇ ಇತ್ತು. ಮುಂತುದಿಯ ಎಡಕ್ಕೆ ಒಂದು ಸಣ್ಣ ಸುಕ್ಕು ಉಳಿದಿದೆ. ಟ್ಯಾಂಕಿನ ಅಂಚಿನ ಕೆಳಗೆ ಹೋಗುವುದರಿಂದ ಅದನ್ನು ಮುಟ್ಟಲು ಹೋಗಿಲ್ಲ, ನಾಲ್ಕು ಬಿಸಿಲು ಕಂಡ ಮೇಲೂ ಇದ್ದರೆ ಅಷ್ಟು ಪಿನ್ ಮಾತ್ರ ಬಿಚ್ಚಿ ನೋಡಬೇಕು. ಕಾಗದದ ಅಳತೆಗಳನ್ನು ಸುತ್ತಿ ಎತ್ತಿಟ್ಟಿದ್ದೇನೆ. ನಡುವಿನ ತುಂಡಿನ ಮೇಲೆ ಮಾತ್ರ, ಇದು ಹೊಸ ಫೋಮಿನ ಅಳತೆ, ಕಂಪನಿಯ ಫೋಮಿಗೆ ಹೊಂದುವುದಿಲ್ಲ ಎಂದು ದಪ್ಪಕ್ಷರದಲ್ಲಿ ಬರೆದಿದೆ.